ಒನಕೆಯಿಂದ, ಕಿಂಡಿಯಿಂದ: ಚಿತ್ರದುರ್ಗದ ಒಂದು ಕಿವುಡ ಮಕ್ಕಳ ಶಾಲೆಯಲ್ಲಿ ಶಿಕ್ಷಕರ ತರಬೇತಿ

ಐದನೇ ತರಗತಿಯ ನೋಟ್‌ಬುಕ್ಕುಗಳು ನೋಡಲು ಬಲು ಚಂದ. ಅಕ್ಷರ ದುಂಡಗೆ, ಸಾಲು ನೇರ, ಒಂದು ಒತ್ತಕ್ಷರವೂ ತಪ್ಪಿಲ್ಲ. ಬೋರ್ಡಿನ ಮೇಲಿದ್ದ ಪ್ರಶ್ನೆ, ಅದರ ಕೆಳಗಿದ್ದ ಉತ್ತರ, ಎರಡೂ ಹಾಗೇ ಇಳಿದಿವೆ. ಆದರೆ ಬೋರ್ಡಿನಲ್ಲಿ ಇಲ್ಲದ ಒಂದು ಪ್ರಶ್ನೆ ಕೊಟ್ಟರೆ ಪೆನ್ಸಿಲ್ ನಿಂತುಬಿಡುತ್ತದೆ. ‘ನಿನ್ನೆ ರಾತ್ರಿ ಊಟಕ್ಕೆ ಏನಿತ್ತು?’ ಎಂದು ಚೀಟಿಯಲ್ಲಿ ಬರೆದು ಕೊಟ್ಟೆವು. ಹೆಚ್ಚಿನ ಮಕ್ಕಳು ಆ ಪ್ರಶ್ನೆಯನ್ನೇ ಅಂದವಾಗಿ ಇನ್ನೊಮ್ಮೆ ಬರೆದು ಕೊಟ್ಟರು. ಒಬ್ಬ ಹುಡುಗ ‘ಊಟ ಅನ್ನ ಸಾರು ನಿನ್ನೆ ನಾನು’ ಎಂದು ಬರೆದ. ಆ ತರಗತಿಯಲ್ಲಿ ಅವತ್ತು ಸಿಕ್ಕ ಅತಿ ಉದ್ದದ ಸ್ವಂತ ವಾಕ್ಯ ಅದು.

ಅದೇ ಹುಡುಗ ಊಟದ ಬಿಡುವಿನಲ್ಲಿ ಪಡಸಾಲೆಯಲ್ಲಿ ನಿಂತು, ಹಾಸ್ಟೆಲಿನ ಬಚ್ಚಲುಮನೆಗೆ ಹಾವು ಬಂದ ಕಥೆ ಹೇಳುತ್ತಿದ್ದ. ಹಾವು ಎಲ್ಲಿಂದ ಬಂತು, ಯಾವ ಬಕೆಟ್ಟಿನ ಹಿಂದೆ ಸೇರಿತು, ವಾರ್ಡನ್ ಕೋಲು ಹಿಡಿದುಕೊಂಡೇ ಹೇಗೆ ಹಿಂದೆ ಹಿಂದೆ ಸರಿದರು, ಎಲ್ಲವೂ ಕೈಯಲ್ಲಿ, ಕಣ್ಣಲ್ಲಿ, ಭುಜದಲ್ಲಿ. ಸುತ್ತ ನಿಂತವರು ನಡುವೆ ಪ್ರಶ್ನೆ ಕೇಳುತ್ತಿದ್ದರು. ಅವನು ಉತ್ತರ ಕೊಟ್ಟು ಮತ್ತೆ ಕಥೆಗೆ ಬರುತ್ತಿದ್ದ.

ಪಡಸಾಲೆಯಲ್ಲಿ ಇಷ್ಟು ಹೇಳಬಲ್ಲ ಮಗು ಹಾಳೆಯ ಮೇಲೆ ಯಾಕೆ ಮೂಕವಾಗುತ್ತದೆ? ಈ ಪ್ರಶ್ನೆ ಇಟ್ಟುಕೊಂಡು ಆ ಶಾಲೆಯ ಶಿಕ್ಷಕರಿಗಾಗಿ ಒಂದು ವರ್ಷದ ತರಬೇತಿ ನಡೆಯಿತು. ನಾನು ಆ ತಂಡದಲ್ಲಿದ್ದೆ. ಶಾಲೆಯ ಹೆಸರನ್ನಾಗಲಿ, ಶಿಕ್ಷಕರ, ಮಕ್ಕಳ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ.

ಶಾಲೆ ಮತ್ತು ಶಿಕ್ಷಕರು

ವಸತಿ ಶಾಲೆ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಹೊಸದುರ್ಗದ ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ಪಕ್ಕದ ಜಗಳೂರಿನಿಂದಲೂ ಕೆಲವರಿದ್ದಾರೆ. ಶೇಂಗಾ ಹೊಲ, ಕುರಿ ಹಿಂಡು, ಕೂಲಿ, ಇವೇ ಮನೆಗಳ ಬದುಕು. ಬಹುತೇಕ ಎಲ್ಲ ಅಪ್ಪ ಅಮ್ಮಂದಿರಿಗೆ ಕಿವಿ ಕೇಳಿಸುತ್ತದೆ. ಇದು ಈ ಶಾಲೆಯೊಂದರ ಮಾತಲ್ಲ. ಎಲ್ಲ ಕಡೆ ಕಿವುಡ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಜಾಸ್ತಿ ಮಂದಿ ಕೇಳಿಸುವ ತಂದೆ ತಾಯಿಗೇ ಹುಟ್ಟುತ್ತಾರೆ. ಹಾಗಾಗಿ ಮನೆಯ ಮಾತು ಮಗುವಿಗೆ ತಲುಪುವುದಿಲ್ಲ, ಮಗುವಿಗೆ ತಲುಪಬಲ್ಲ ಭಾಷೆ ಮನೆಯಲ್ಲಿ ಇರುವುದಿಲ್ಲ. ಏಳೆಂಟು ವರ್ಷಕ್ಕೆ ಹಾಸ್ಟೆಲಿಗೆ ಬಂದಾಗ, ಊಟ, ನೀರು, ಮಲಗು, ಬೇಡ ಎನ್ನುವಂಥ ಕೆಲವು ಮನೆ ಸನ್ನೆಗಳು ಬಿಟ್ಟರೆ ಎಷ್ಟೋ ಮಕ್ಕಳ ಕೈಯಲ್ಲಿ ಭಾಷೆಯೇ ಇರುವುದಿಲ್ಲ. ಭಾಷೆ ಸಲೀಸಾಗಿ ಬೇರೂರುವ ಮೊದಲ ಐದು ವರ್ಷ ಅಷ್ಟರಲ್ಲಿ ಕಳೆದಿರುತ್ತದೆ. ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ನಷ್ಟ ಇದೇ. ಕಿವಿ ಕೇಳಿಸದಿರುವುದಕ್ಕಿಂತ ಇದು ದೊಡ್ಡದು.

ಶಿಕ್ಷಕರು ಓದಿಕೊಂಡವರು. ವಿಶೇಷ ಶಿಕ್ಷಣದ ಡಿಪ್ಲೊಮಾ ಮಾಡಿ, ವಿಶೇಷ ಶಿಕ್ಷಕರ ನೋಂದಣಿ ನೋಡಿಕೊಳ್ಳುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ 1992ರ ಕಾಯ್ದೆಯಡಿ ಹೆಸರು ನೋಂದಾಯಿಸಿದವರು. ಆದರೆ ಹಿರಿಯರು ಕಲಿತ ಕಾಲದಲ್ಲಿ ಒತ್ತು ಇದ್ದದ್ದು ಮಾತು ಕಲಿಸುವುದರ ಮೇಲೆ. ಶ್ರವಣ ಸಾಧನ ಹಾಕಿಸಿ, ಕನ್ನಡಿ ಮುಂದೆ ಕೂರಿಸಿ, ಗಂಟಲಿನ ಮೇಲೆ ಮಗುವಿನ ಕೈ ಇಡಿಸಿ ಒಂದೊಂದು ಸ್ವರ ಹೊರಡಿಸುವ ಕೆಲಸ. ಸನ್ನೆ ಭಾಷೆಯನ್ನು ಅವರಿಗೆ ಯಾರೂ ಸರಿಯಾಗಿ ಕಲಿಸಿರಲಿಲ್ಲ. ಕಲಿತದ್ದೆಲ್ಲ ಮಕ್ಕಳಿಂದಲೇ, ಹಾಸ್ಟೆಲಿನಲ್ಲಿ, ಅಷ್ಟಿಷ್ಟು.

ಇದಕ್ಕೆ ಹಳೆಯ ಕಾರಣವಿದೆ. 1880ರಲ್ಲಿ ಇಟಲಿಯ ಮಿಲಾನ್ ಊರಿನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಬಂದವರಲ್ಲಿ ಬಹುತೇಕ ಎಲ್ಲರೂ ಕಿವಿ ಕೇಳಿಸುವವರೇ. ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿ ಮಾತೇ ಇರಲಿ ಎಂದು ಅವರು ನಿರ್ಣಯ ಮಾಡಿದರು. ಅದರ ನೆರಳು ನೂರಕ್ಕೂ ಹೆಚ್ಚು ವರ್ಷ ಪ್ರಪಂಚದ ತರಗತಿಗಳ ಮೇಲೆ ಬಿತ್ತು. ಸನ್ನೆ ಭಾಷೆಗೂ ತನ್ನದೇ ವ್ಯಾಕರಣವಿದೆ ಎಂದು ಭಾಷಾವಿಜ್ಞಾನಿ ವಿಲಿಯಂ ಸ್ಟೋಕಿ ಅಮೆರಿಕದ ಸನ್ನೆ ಭಾಷೆಯನ್ನು ಬಿಡಿಸಿ ತೋರಿಸಿದ್ದು 1960ರಲ್ಲಿ. ಸ್ವೀಡನ್ 1981ರಲ್ಲಿ ಸನ್ನೆ ಭಾಷೆಯನ್ನು ಮಾನ್ಯ ಮಾಡಿ, 1983ರ ಪಠ್ಯಕ್ರಮದಲ್ಲಿ ಕಿವುಡ ಮಕ್ಕಳಿಗೆ ಎರಡು ಭಾಷೆಯ ದಾರಿ ತೆರೆಯಿತು. ಮಿಲಾನಿನ ನಿರ್ಣಯಕ್ಕೆ ಅದೇ ಸಮ್ಮೇಳನದ ವೇದಿಕೆಯಿಂದ ವಿಷಾದ ಬಂದದ್ದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ. ನಮ್ಮ ಹಿರಿಯ ಮೇಷ್ಟ್ರುಗಳನ್ನು ದೂರುವ ಮೊದಲು ಇದನ್ನು ನೆನೆಯಬೇಕು. ಅವರಿಗೆ ಸಿಕ್ಕ ತರಬೇತಿಯೇ ಹಾಗಿತ್ತು.

ಮಾತೂ ಸನ್ನೆಯೂ ಒಟ್ಟಿಗೆ

ಈ ಶಾಲೆಗೆ ಹಿಂದೆಯೂ ಸನ್ನೆ ತರಬೇತಿ ಆಗಿತ್ತು. ಹಣ್ಣು, ತರಕಾರಿ, ಪ್ರಾಣಿ, ಬಣ್ಣ, ವಾರದ ದಿನ, ಹೀಗೆ ಪದಗಳ ಪಟ್ಟಿ. ಒಂದೊಂದಕ್ಕೂ ಒಂದು ಸನ್ನೆ. ಗೋಡೆಗೆ ಚಾರ್ಟು. ಶಿಕ್ಷಕರು ಅದನ್ನು ನಂಬಿಕೆಯಿಂದ ಬಳಸುತ್ತಿದ್ದರು. ಬಾಯಲ್ಲಿ ಕನ್ನಡ ವಾಕ್ಯ ಹೇಳುತ್ತಾ, ಅದರ ಮುಖ್ಯ ಪದಗಳಿಗೆ ಕೈಯಲ್ಲಿ ಸನ್ನೆ ಹಾಕುತ್ತಾ ಪಾಠ ಮಾಡುತ್ತಿದ್ದರು.

ಕನ್ನಡದವರಿಗೆ ಇದರಲ್ಲಿ ಒಂದು ಮೋಸ ಅಡಗಿದೆ. ಇಂಗ್ಲಿಷ್ ಮಾತಾಡುವವರಿಗೆ ಭಾರತೀಯ ಸನ್ನೆ ಭಾಷೆಯ ಪದಗಳ ಸಾಲು ತಲೆಕೆಳಗಾಗಿ ಕಾಣುತ್ತದೆ. ನಮಗೆ ಹಾಗೆ ಕಾಣುವುದಿಲ್ಲ. ಕನ್ನಡದಂತೆ ಅಲ್ಲೂ ಸಾಮಾನ್ಯವಾಗಿ ಕ್ರಿಯೆ ಕೊನೆಗೆ ಬರುತ್ತದೆ. ‘ನಿನ್ನ ಹೆಸರು ಏನು’ ಎನ್ನುವಾಗ ‘ಏನು’ ಎಂಬುದು ಅಲ್ಲೂ ಕೊನೆಗೇ. ಸಾಲು ಹೊಂದುವುದರಿಂದ ಬಾಯಿ, ಕೈ ಎರಡೂ ಒಟ್ಟಿಗೆ ಸಾಗುತ್ತವೆ, ಪಾಠ ಸರಿಯಾಗಿ ಹೋಗುತ್ತಿದೆ ಎಂದು ಶಿಕ್ಷಕರಿಗೆ ಅನಿಸುತ್ತದೆ. ಆದರೆ ಕನ್ನಡ ತನ್ನ ಅರ್ಥವನ್ನೆಲ್ಲ ಇಟ್ಟಿರುವುದು ಪದದ ಬಾಲದಲ್ಲಿ. ಅನ್ನು, ಇಂದ, ಗೆ, ಅಲ್ಲಿ, ಅನು, ಅಳು, ಅರು. ಚಾರ್ಟಿನ ಸನ್ನೆಗಳಲ್ಲಿ ಈ ಬಾಲ ಒಂದೂ ಇಲ್ಲ. ಅತ್ತ ಸನ್ನೆ ಭಾಷೆ ತನ್ನ ವ್ಯಾಕರಣವನ್ನು ಇಟ್ಟಿರುವುದು ಹುಬ್ಬಿನಲ್ಲಿ, ನೋಟದಲ್ಲಿ, ಕೈ ಸಾಗುವ ದಿಕ್ಕಿನಲ್ಲಿ. ಬಾಯಿ ಕನ್ನಡ ಆಡುತ್ತಿರುವಾಗ ಮುಖ ಆ ಕೆಲಸ ಮಾಡಲಾರದು. ಹಾಗಾಗಿ ಮಗುವಿಗೆ ಕನ್ನಡದ ಬಾಲವೂ ಸಿಗುವುದಿಲ್ಲ, ಸನ್ನೆಯ ಹುಬ್ಬೂ ಸಿಗುವುದಿಲ್ಲ. ‘ಊಟ ಅನ್ನ ಸಾರು ನಿನ್ನೆ ನಾನು’ ಎಂಬ ವಾಕ್ಯ ಎಲ್ಲಿಂದ ಬಂತು ಎಂದು ಈಗ ತಿಳಿಯುತ್ತದೆ. ಆ ಹುಡುಗ ತನಗೆ ಕಂಡದ್ದನ್ನು ಕಂಡ ಹಾಗೇ ಬರೆದಿದ್ದ.

ತುಟಿ ನೋಡಿ ತಿಳಿದುಕೊಳ್ಳಲಿ ಎನ್ನುವವರೂ ಇದ್ದಾರೆ. ಕನ್ನಡಿ ಮುಂದೆ ನಿಂತು ದನಿ ಇಲ್ಲದೆ ‘ಮರ’ ಅನ್ನಿ, ‘ಬರ’ ಅನ್ನಿ. ತುಟಿ ಎರಡಕ್ಕೂ ಒಂದೇ. ಕ, ಗ ಗಂಟಲಿನ ಹತ್ತಿರ ಹುಟ್ಟಿ ಕಾಣದೆಯೇ ಹೋಗುತ್ತವೆ. ಚಿತ್ರದುರ್ಗದ ಮಗುವಿಗೆ ಮರ ಯಾವುದು, ಬರ ಯಾವುದು ಎಂದು ತಿಳಿಯದಿದ್ದರೆ ಸಮಾಜ ವಿಜ್ಞಾನದ ಪಾಠದಲ್ಲಿ ಏನು ಉಳಿಯುತ್ತದೆ?

ಇದನ್ನು ಭಾಷಣ ಮಾಡಿ ತಿಳಿಸಿದರೆ ಯಾರೂ ಒಪ್ಪುತ್ತಿರಲಿಲ್ಲ. ಅದಕ್ಕೆ ಶಿಕ್ಷಕರೇ ಒಬ್ಬರ ಪಾಠವನ್ನು ಇನ್ನೊಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರು. ಆಮೇಲೆ ದನಿ ಪೂರ್ತಿ ಬಂದ್ ಮಾಡಿ ತಮ್ಮದೇ ಪಾಠವನ್ನು ತಾವೇ ನೋಡಿದರು. ಭದ್ರಾ ನದಿಯ ಪಾಠ ಮಾಡಿದ್ದ ಟೀಚರ್ ಒಬ್ಬರು ಐದು ನಿಮಿಷ ನೋಡಿ, ‘ಸರ್, ನಾನು ಏನು ಹೇಳ್ತಿದೀನಿ ಅಂತ ನನಗೇ ಗೊತ್ತಾಗ್ತಿಲ್ಲ. ನದಿ, ನೀರು, ಹೊಲ, ಒಳ್ಳೇದು. ಇಷ್ಟೇ ಕಾಣ್ತಿದೆ’ ಅಂದರು. ತರಗತಿ ತುಂಬ ಹೊತ್ತು ಮಾತಿಲ್ಲದೆ ಕೂತಿತ್ತು. ಇಡೀ ವರ್ಷದಲ್ಲಿ ಇದಕ್ಕಿಂತ ಕೆಲಸ ಮಾಡಿದ ಅಭ್ಯಾಸ ಇನ್ನೊಂದಿಲ್ಲ. ಬೇರೆ ಶಾಲೆಯವರು ಒಂದನ್ನೇ ಎತ್ತಿಕೊಳ್ಳುವುದಾದರೆ ಇದನ್ನು ಎತ್ತಿಕೊಳ್ಳಲಿ. ಖರ್ಚೂ ಇಲ್ಲ.

ಕಿವುಡರೇ ಗುರು

ನಂತರ ಬಂದವರು ಒಬ್ಬ ಕಿವುಡ ತರಬೇತುದಾರರು. ಸನ್ನೆ ಭಾಷೆ ಬೋಧಿಸುವ ಡಿಪ್ಲೊಮಾ ಮುಗಿಸಿದವರು. ಕಿವುಡರಿಗಾಗಿಯೇ ಇರುವ ಕೋರ್ಸು ಅದು. ದೆಹಲಿಯಲ್ಲಿ 2015ರ ಸೆಪ್ಟೆಂಬರ್ 28ರಂದು ಶುರುವಾದ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರ ಅದನ್ನು ನಡೆಸುತ್ತದೆ.

ಅವರು ಬಂದ ದಿನವೇ ಒಂದು ನಿಯಮ ಬರೆದು ಅಂಟಿಸಿದರು. ಬೆಳಗ್ಗೆ ಶುರುವಾದರೆ ಊಟದ ತನಕ ಕೋಣೆಯಲ್ಲಿ ದನಿ ಇಲ್ಲ. ಸಂಶಯ ಬಂದರೆ ಕೈಯಲ್ಲಿ ಕೇಳಿ. ಕೈಗೆ ಬಾರದಿದ್ದರೆ ಚಿತ್ರ ಬರೆಯಿರಿ. ಚಿತ್ರವೂ ಬಾರದಿದ್ದರೆ ಮಾಡಿ ತೋರಿಸಿ. ಮೊದಲ ವಾರ ಎಲ್ಲರಿಗೂ ಕಣ್ಣು ನೋವು, ತಲೆ ನೋವು. ದಿನವಿಡೀ ಒಂದೇ ಕಡೆ ನೋಡುತ್ತಾ ಅರ್ಥ ಹಿಡಿಯುವುದು ಎಷ್ಟು ದಣಿಸುತ್ತದೆ ಎಂದು ಆಗ ಶಿಕ್ಷಕರಿಗೆ ಅನುಭವಕ್ಕೆ ಬಂತು. ಇದರಿಂದ ತರಗತಿಯ ಎಷ್ಟೋ ಸಂಗತಿ ತಾನಾಗಿ ಬದಲಾಯಿತು. ಬೆಂಚು ಸಾಲು ಹೋಗಿ ಎಲ್ಲರಿಗೂ ಎಲ್ಲರ ಕೈ ಕಾಣುವಂತೆ ಅರ್ಧ ವೃತ್ತ ಬಂತು. ಕಿಟಕಿಗೆ ಬೆನ್ನು ಮಾಡಿ ನಿಲ್ಲುವುದು ನಿಂತಿತು, ಯಾಕೆಂದರೆ ಬೆಳಕು ಹಿಂದಿದ್ದರೆ ಮುಖ ಕಪ್ಪಾಗಿ ಹುಬ್ಬು ಕಾಣುವುದಿಲ್ಲ. ಬೋರ್ಡಿಗೆ ಬರೆಯುತ್ತಾ ಪಾಠ ಹೇಳುವುದು ನಿಂತಿತು. ಪುಸ್ತಕ ನೋಡಿ ಎಂದ ಮೇಲೆ, ಮಕ್ಕಳು ಓದಿ ತಲೆ ಎತ್ತುವ ತನಕ ಕೈ ಎತ್ತಬಾರದು. ಕೇಳಿಸುವ ಮಗು ಪುಸ್ತಕ ನೋಡುತ್ತಲೇ ಮೇಷ್ಟ್ರ ಮಾತು ಕೇಳಬಹುದು. ಕಿವುಡ ಮಗುವಿಗೆ ಇರುವುದು ಒಂದೇ ಬಾಗಿಲು. ಈ ಕಾಯುವ ಅಭ್ಯಾಸ ಬರಲು ತಿಂಗಳುಗಳೇ ಹಿಡಿದವು.

ಒಂದು ಜಗಳವೂ ಆಯಿತು. ದೆಹಲಿ ಕೇಂದ್ರದ ಸನ್ನೆ ನಿಘಂಟು 2018ರಲ್ಲಿ 3,000 ಪದಗಳೊಂದಿಗೆ ಶುರುವಾಗಿ 2021ಕ್ಕೆ 10,000 ಮುಟ್ಟಿತ್ತು. ಅದರಲ್ಲಿರುವ ಸನ್ನೆಯೇ ಸರಿ, ಹಾಸ್ಟೆಲಿನಲ್ಲಿ ಮಕ್ಕಳು ಹಾಕುವುದು ತಪ್ಪು ಎಂದು ಕೆಲವು ಕಿರಿಯ ಶಿಕ್ಷಕರು ಹಟ ಹಿಡಿದರು. ಮಕ್ಕಳ ಕೈ ತಿದ್ದತೊಡಗಿದರು. ತರಬೇತುದಾರರು ಅದನ್ನು ತಡೆದರು. ಶೇಂಗಾಕ್ಕೆ, ಕಂಬಳಿಗೆ, ಮಾರಿಕಣಿವೆ ಅಣೆಕಟ್ಟಿಗೆ ಈ ಮಕ್ಕಳ ಹತ್ತಿರ ತಲೆಮಾರಿನಿಂದ ಬಂದ ಸನ್ನೆಗಳಿವೆ. ಅವು ಇಲ್ಲಿಯ ಆಡುಮಾತು. ಚಳ್ಳಕೆರೆಯ ಕನ್ನಡವನ್ನು ಅಳಿಸಿ ಪುಸ್ತಕದ ಕನ್ನಡ ಕಲಿಸುತ್ತೇವಾ? ಎರಡೂ ಇರಲಿ, ದೊಡ್ಡದಾಗುತ್ತಾ ಮಗು ಎಲ್ಲಿ ಯಾವುದು ಎಂದು ತಾನೇ ತಿಳಿಯುತ್ತದೆ, ಎಂದು ಅವರು ಕೈಯಲ್ಲೇ ವಾದಿಸಿ ಗೆದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಭಾರತೀಯ ಸನ್ನೆ ಭಾಷೆಯನ್ನು ದೇಶಕ್ಕೆಲ್ಲ ಒಂದೇ ಬಗೆಗೆ ತರಬೇಕು ಎನ್ನುವಾಗಲೂ, ಸ್ಥಳೀಯ ಸನ್ನೆಗಳಿಗೆ ಗೌರವ ಕೊಟ್ಟು ಕಲಿಸಬೇಕು ಎನ್ನುತ್ತದೆ. ತರಗತಿಯಲ್ಲಿ ಅದರ ಅರ್ಥ ಇಷ್ಟೇ ಎಂದು ನನಗನಿಸುತ್ತದೆ: ಮಗುವಿನ ಕೈಯನ್ನು ತಪ್ಪು ಅನ್ನಬೇಡಿ.

ಓಬವ್ವನ ಪಾಠ

ಸನ್ನೆ ಭಾಷೆ, ಕನ್ನಡ ಎರಡನ್ನೂ ಬಳಸುವ ಎರಡು ಭಾಷೆಯ ಪಾಠ ಎಂದರೆ ಹೇಗಿರುತ್ತದೆ ಎಂದು ಬಿಡಿಸಿ ಹೇಳಲು ಒಂದು ಪಾಠ ಎತ್ತಿಕೊಳ್ಳುತ್ತೇನೆ. ಒನಕೆ ಓಬವ್ವ. ಕಲ್ಲಿನ ಕೋಟೆಯ ಊರಿನಲ್ಲಿ ಆ ಕಿಂಡಿ ನೋಡದ ಮಗು ಇಲ್ಲ. ಹೈದರಾಲಿಯ ಮುತ್ತಿಗೆ, ಮದಕರಿ ನಾಯಕನ ಕಾಲ, ಊಟಕ್ಕೆ ಹೋದ ಕಾವಲುಗಾರ ಗಂಡ, ನೀರಿಗೆ ಬಂದ ಓಬವ್ವ, ಕಿಂಡಿಯಲ್ಲಿ ಕಂಡ ಶತ್ರು. ಹಿಂದಿನ ವರ್ಷಗಳಲ್ಲಿ ಈ ಪಾಠ ಹೀಗೆ ನಡೆಯುತ್ತಿತ್ತು: ಒಂದು ಪ್ಯಾರಾ ಓದುವುದು, ಕಠಿಣ ಪದಗಳಿಗೆ ಸನ್ನೆ, ಪ್ರಶ್ನೋತ್ತರ ಬೋರ್ಡಿಗೆ, ಮಕ್ಕಳು ನೋಟ್‌ಬುಕ್ಕಿಗೆ.

ಈ ಸಲ ಪುಸ್ತಕ ಮುಚ್ಚಿಟ್ಟು ಶುರುವಾಯಿತು. ತರಬೇತುದಾರರು ಮೊದಲು ಇಡೀ ಕಥೆಯನ್ನು ಸನ್ನೆ ಭಾಷೆಯಲ್ಲಿ ಹೇಳಿದರು. ಎಡಗೈ ಬೆರಳು ಬಳಸಿ ಕಿಂಡಿ ಆಯಿತು. ಅದರೊಳಗಿಂದ ಬಲಗೈ ಮುಷ್ಟಿ ತೂರಿ ಬಂತು, ಅದು ಸೈನಿಕನ ತಲೆ. ಭುಜ ಒಂದು ಕಡೆ ತಿರುಗಿದರೆ ಅವರು ತೆವಳಿ ಬರುವ ಸೈನಿಕ, ಇನ್ನೊಂದು ಕಡೆ ತಿರುಗಿದರೆ ಒನಕೆ ಹಿಡಿದ ಓಬವ್ವ. ಎರಡು ಕೈ ಒಂದರ ಮೇಲೊಂದು ಬಿಗಿದು ಮೇಲಿಂದ ಕೆಳಗೆ. ಮತ್ತೆ ತಲೆ, ಮತ್ತೆ ಒನಕೆ. ಆಮೇಲೆ ಒಬ್ಬೊಬ್ಬ ಮಗುವೂ ಎದ್ದು ಹೇಳಿತು. ಒಬ್ಬಳು ಹುಡುಗಿ ಹೆಣ ಎಳೆದು ಪಕ್ಕಕ್ಕೆ ಹಾಕುವುದನ್ನು ಸೇರಿಸಿದಳು. ಅದನ್ನು ಬಿಟ್ಟರೆ ಮುಂದಿನವನಿಗೆ ಹಿಂದಿನವನ ಹೆಣ ಕಾಣುತ್ತದಲ್ವಾ, ಅಂದಳು.

ಅಲ್ಲಿಗೇ ಒಂದು ಚರ್ಚೆ ಎದ್ದಿತು. ಗಂಡನನ್ನು ಯಾಕೆ ಕರೆಯಲಿಲ್ಲ? ಕೂಗಿದರೆ ಹೊರಗಿನ ಸೈನ್ಯಕ್ಕೆ ಗೊತ್ತಾಗುತ್ತೆ ಎಂದು ಟೀಚರ್ ಹೇಳಿದರು. ಹಾಗಾದರೆ ಕೈಯಲ್ಲಿ ಕರೆಯಬಹುದಿತ್ತು, ಎಂದ ಒಬ್ಬ. ಅವನು ಒಳಗೆ ಊಟಕ್ಕೆ ಕೂತಿದ್ದ, ಕಾಣಲ್ಲ, ಎಂದಳು ಇನ್ನೊಬ್ಬಳು. ಕರೆಯಲು ಹೋದರೆ ಅಷ್ಟರಲ್ಲಿ ಹತ್ತು ಜನ ಒಳಗೆ ಬಂದಿರುತ್ತಾರೆ, ಎಂದ ಮೂರನೆಯವನು. ‘ಏಕೆ’ ಎಂಬ ಪ್ರಶ್ನೆಗೆ ಬೋರ್ಡಿನ ಉತ್ತರವನ್ನೇ ಇಳಿಸುತ್ತಿದ್ದ ಮಕ್ಕಳು ಇವರು.

ಕಥೆ ಹೀಗೆ ಕೈಯಲ್ಲಿ ಗಟ್ಟಿಯಾದ ಮೇಲೆ ಕನ್ನಡ ಬಂತು. ಈ ಕ್ರಮವೇ ಮುಖ್ಯ. ಮೊದಲು ಅರ್ಥ, ಆಮೇಲೆ ಅಕ್ಷರ. ಒಂದು ಭಾಷೆಯಲ್ಲಿ ಬೆಳೆದ ಯೋಚನೆ ಇನ್ನೊಂದು ಭಾಷೆಯ ಓದಿಗೂ ಆಸರೆ ಎಂದು ಕೆನಡಾದ ಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್ 1979ರಲ್ಲಿ ಹೇಳಿದ್ದರು. ಆದರೆ ಸನ್ನೆ ಭಾಷೆಗೆ ಲಿಪಿ ರೂಢಿಯಲ್ಲಿಲ್ಲ. ಹಾಗಾಗಿ ಸನ್ನೆ ಚೆನ್ನಾಗಿ ಬಂದ ಮಾತ್ರಕ್ಕೆ ಕನ್ನಡ ಬರವಣಿಗೆ ತಾನಾಗಿ ಬರುವುದಿಲ್ಲ. ನಡುವೆ ಒಬ್ಬರು ಕೂತು ಹೊಲಿಗೆ ಹಾಕಬೇಕು. ಶಿಕ್ಷಕರ ತರಬೇತಿ ಬೇಕಾಗಿರುವುದೇ ಇಲ್ಲಿ.

ಹೊಲಿಗೆ ಹೀಗೆ ಬಿತ್ತು. ಟೀಚರ್ ಎರಡು ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ತೋರಿಸಿದರು. ‘ಸೈನಿಕ ಕಿಂಡಿಯಿಂದ ಬಂದನು.’ ‘ಓಬವ್ವ ಒನಕೆಯಿಂದ ಹೊಡೆದಳು.’ ಎರಡರಲ್ಲೂ ‘ಇಂದ’ ಎಂಬುದಕ್ಕೆ ಕೆಂಪು ಬಣ್ಣ. ಮಕ್ಕಳು ಗೊಂದಲಕ್ಕೆ ಬಿದ್ದರು. ಯಾಕೆಂದರೆ ಸನ್ನೆಯಲ್ಲಿ ಇವೆರಡಕ್ಕೂ ಯಾವ ಹೋಲಿಕೆಯೂ ಇಲ್ಲ. ಮೊದಲನೆಯದು ಒಂದು ಜಾಗ ಬಿಟ್ಟು ಹೊರಡುವ ಕೈ. ಎರಡನೆಯದು ವಸ್ತು ಹಿಡಿದ ಕೈ. ಕನ್ನಡ ಮಾತ್ರ ಎರಡಕ್ಕೂ ಒಂದೇ ಬಾಲ ಅಂಟಿಸುತ್ತದೆ. ಕೇಳಿಸುವ ಮಗು ಇದನ್ನು ಸಾವಿರ ಸಲ ಕೇಳಿ ಯೋಚಿಸದೆ ಕಲಿತಿರುತ್ತದೆ. ಈ ಮಕ್ಕಳಿಗೆ ಅದನ್ನು ಕಣ್ಣಿಗೆ ಕಾಣಿಸಬೇಕು. ಟೀಚರ್ ಗೋಡೆಯ ಮೇಲೆ ಕೆಂಪು ‘ಇಂದ’ ಬರೆದು, ಅದರ ಕೆಳಗೆ ಎರಡು ಚಿತ್ರ ಹಾಕಿಸಿದರು, ಹೊರಡುವ ಕೈ ಒಂದು, ಹಿಡಿದ ಕೈ ಒಂದು. ಮಕ್ಕಳು ತಾವೇ ಉದಾಹರಣೆ ತಂದರು. ಹಿರಿಯೂರಿನಿಂದ ಬಸ್ಸು. ಚಾಕುವಿನಿಂದ ಈರುಳ್ಳಿ.

ಭುಜ ತಿರುಗುವುದನ್ನೂ ಹೀಗೇ ಜೋಡಿಸಿದರು. ಸೈನಿಕನ ಕಡೆ ತಿರುಗಿದಾಗ ‘ಬಂದನು’, ಓಬವ್ವನ ಕಡೆ ತಿರುಗಿದಾಗ ‘ಹೊಡೆದಳು’. ಯಾರ ಪಾತ್ರ ಎನ್ನುವುದನ್ನು ಸನ್ನೆಯಲ್ಲಿ ಮೈ ಹೇಳುತ್ತದೆ, ಕನ್ನಡದಲ್ಲಿ ಕ್ರಿಯಾಪದದ ಕೊನೆ ಹೇಳುತ್ತದೆ. ‘ಕೊಡು’ ಎಂಬ ಸನ್ನೆ ಕೊಡುವವರಿಂದ ಪಡೆಯುವವರ ಕಡೆಗೆ ಸಾಗುತ್ತದೆ, ಅದು ಮುಟ್ಟುವ ಜಾಗವೇ ಕನ್ನಡದ ‘ಗೆ’. ಹುಬ್ಬು ಏರಿದರೆ ಪ್ರಶ್ನೆ, ಅದು ‘ಬಂದೆಯಾ’ ಎನ್ನುವಾಗಿನ ‘ಆ’. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಒಬ್ಬೊಬ್ಬರಾಗಿ’ ಎಂಬ ಪದ ಕಲಿಸಿದ ರೀತಿ. ಕಿಂಡಿಯಿಂದ ತಲೆ ಬರುವ ಸನ್ನೆಯನ್ನು ಮತ್ತೆ ಮತ್ತೆ ಮಾಡಿದರೆ ಒಬ್ಬೊಬ್ಬರಾಗಿ ಬಂದರು ಎಂದಾಯಿತು. ಕನ್ನಡವೂ ಹಾಗೇ ಮಾಡುತ್ತದೆ, ಪದವನ್ನೇ ಎರಡು ಸಲ ಹೇಳುತ್ತದೆ. ಒಬ್ಬೊಬ್ಬ, ಮನೆಮನೆ, ಬೇರೆ ಬೇರೆ. ಈ ಒಂದು ಕಡೆ ಎರಡೂ ಭಾಷೆ ಒಂದೇ ದಾರಿ ಹಿಡಿದಿವೆ ಎಂದು ಗೊತ್ತಾದಾಗ ಮಕ್ಕಳು ಪುಸ್ತಕದ ತುಂಬ ಜೋಡಿ ಪದ ಹುಡುಕತೊಡಗಿದರು.

ಗಣಿತದಲ್ಲಿ ಇಷ್ಟು ಕಷ್ಟವಿರಲಿಲ್ಲ. ಲೆಕ್ಕ ಮಕ್ಕಳಿಗೆ ಬರುತ್ತಿತ್ತು, ವಾಕ್ಯದ ಲೆಕ್ಕ ಬರುತ್ತಿರಲಿಲ್ಲ. ಅಲ್ಲೂ ತೊಂದರೆ ಕನ್ನಡದ್ದೇ.

ಹಿರಿಯ ಮೇಷ್ಟ್ರ ಮಾತು, ಅಮ್ಮಂದಿರ ಭಯ

ತರಬೇತಿಗೆ ಗಟ್ಟಿ ವಿರೋಧ ಬಂದದ್ದು ಶಾಲೆಯ ಅತಿ ಹಿರಿಯ ಮೇಷ್ಟ್ರಿಂದ. ಮಕ್ಕಳು ಅವರನ್ನು ಕರೆಯುವ ಸನ್ನೆ ಹೆಸರು ಮೀಸೆ ತಿರುವುವುದು. ‘ನಾನು ಎಷ್ಟೋ ಮಕ್ಕಳ ಬಾಯಲ್ಲಿ ಅಮ್ಮ ಅನ್ನಿಸಿದೀನಿ. ಅದನ್ನ ಕೇಳಿ ಅತ್ತ ತಾಯಂದಿರನ್ನ ನೋಡಿದೀನಿ. ಅದನ್ನೆಲ್ಲ ಬಿಟ್ಟುಬಿಡಿ ಅಂತೀರಾ?’ ಎಂದು ಕೇಳಿದರು. ಇದು ತಳ್ಳಿಹಾಕುವ ಮಾತಲ್ಲ. ಬಿಡಬೇಕಾಗಿಲ್ಲ ಎನ್ನುವುದೇ ಉತ್ತರ. ಉಳಿದ ಶ್ರವಣ ಶಕ್ತಿ ಇರುವ ಮಗುವಿಗೆ ಮಾತಿನ ತರಬೇತಿ ಬೇರೆ ಹೊತ್ತಿನಲ್ಲಿ, ಬೇರೆ ಕೋಣೆಯಲ್ಲಿ ಮುಂದುವರಿಯಿತು. ಅದನ್ನು ಅವರೇ ನೋಡಿಕೊಂಡರು. ಆದರೆ ಇತಿಹಾಸ, ವಿಜ್ಞಾನ ತಿಳಿಯಲು ಮಗು ಮಾತು ಬರುವ ತನಕ ಕಾಯಬೇಕಾಗಿಲ್ಲ. ಇಷ್ಟನ್ನು ಅವರು ಒಪ್ಪಿದ್ದು ನಮ್ಮ ವಾದದಿಂದಲ್ಲ, ಓಬವ್ವನ ತರಗತಿಯಲ್ಲಿ ಹಿಂದೆ ಕೂತು ನೋಡಿದ ಮೇಲೆ.

ಪೋಷಕರ ಸಭೆಯಲ್ಲಿ ಇದೇ ಭಯ ಬೇರೆ ರೂಪದಲ್ಲಿ ಬಂತು. ಚಳ್ಳಕೆರೆ ಕಡೆಯ ಒಬ್ಬ ತಾಯಿ, ‘ಸನ್ನೆ ಕಲಿಸಿದ್ರೆ ಮಾತು ಬರೋದೇ ಇಲ್ವಂತೆ ಮೇಡಂ. ನಮ್ಮೂರಾಗೆ ಎಲ್ರೂ ಹಂಗೇ ಅಂತಾರೆ’ ಅಂದರು. ಇನ್ನೊಬ್ಬರು ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕೇಳಿಸಲೆಂದು ಶಸ್ತ್ರಚಿಕಿತ್ಸೆ ಮಾಡಿ ಕಿವಿಯೊಳಗೆ ಕೂರಿಸುವ ಸಾಧನದ ಬಗ್ಗೆ ಕೇಳಿದರು. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಚಿಕ್ಕ ಮಕ್ಕಳಿಗೆ ಅದಕ್ಕಾಗಿ ನೆರವಿದೆ. ಆದರೆ ಅದರ ಫಲ ಸಿಗುವುದು ಬೇಗ ಮಾಡಿಸಿದಾಗ, ಆಮೇಲೂ ವರ್ಷಗಟ್ಟಲೆ ಕೇಳಿಸಿಕೊಳ್ಳುವ ತರಬೇತಿ ನಡೆದಾಗ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ತೋರಿಸಿ ಬನ್ನಿ ಎಂದು ಚಿಕ್ಕ ಮಕ್ಕಳ ತಂದೆ ತಾಯಿಗೆ ಹೇಳಿದೆವು. ಜೊತೆಗೆ ಇನ್ನೊಂದು ಮಾತನ್ನೂ ಒತ್ತಿ ಹೇಳಿದೆವು: ಸನ್ನೆಯಿಂದ ಮಾತು ನಿಲ್ಲುವುದಿಲ್ಲ. ಇಂಪ್ಲಾಂಟ್ ಆದರೂ ಆಗದಿದ್ದರೂ ಮಗುವಿಗೆ ಇವತ್ತು ಭಾಷೆ ಬೇಕು. ಮುಂದಿನ ವರ್ಷ ಕೊಡುತ್ತೇವೆ ಎಂದು ಭಾಷೆಯನ್ನು ತಡೆದಿಡಲು ಆಗುವುದಿಲ್ಲ.

ಆ ತಾಯಂದಿರಿಗೆ ತರಬೇತುದಾರರೇ ಪಾಠ ಶುರು ಮಾಡಿದರು. ಬಣ್ಣ, ಹಣ್ಣು ಕಲಿಸಲಿಲ್ಲ. ‘ಇವತ್ತು ಏನಾಯ್ತು?’, ‘ಯಾಕೆ ಅಳ್ತಿದೀಯಾ?’, ‘ಅಪ್ಪ ನಾಳೆ ಬರ್ತಾರೆ’, ‘ಹುಷಾರು, ಬಿಸಿ ಇದೆ’ ಇಂಥವು. ಕೂಲಿ ಬಿಟ್ಟು ಬರಲಾಗದ ತಾಯಂದಿರಿಗೆ ಅದೇ ವಾಕ್ಯಗಳ ಚಿಕ್ಕ ವಿಡಿಯೋ ವಾಟ್ಸಾಪಿನಲ್ಲಿ ಹೋದವು. ಎಷ್ಟೋ ಮನೆಗಳಲ್ಲಿ ಮೊದಲು ಕಲಿತವರು ಅಜ್ಜಿಯರು. ಅವರಿಗೆ ಪುರುಸೊತ್ತೂ ಇತ್ತು, ನಾಚಿಕೆಯೂ ಇರಲಿಲ್ಲ.

ಏನು ಬದಲಾಯಿತು, ಏನು ಇಲ್ಲ

ವರ್ಷದ ಕೊನೆಗೆ ಅದೇ ಐದನೇ ತರಗತಿಗೆ ಅಂಥದೇ ಚೀಟಿ ಕೊಟ್ಟೆವು. ಭಾನುವಾರ ಏನು ಮಾಡಿದಿರಿ? ಪ್ರಶ್ನೆಯನ್ನೇ ತಿರುಗಿ ಬರೆದವರು ಯಾರೂ ಇರಲಿಲ್ಲ. ಹಾವಿನ ಕಥೆಯ ಹುಡುಗ ಬರೆದದ್ದು: ‘ಅಪ್ಪ ಊರಿಂದ ಬಂದರು. ನನಗೆ ಚೆಂಡು ಕೊಟ್ಟರು. ನಾನು ಗೆಳೆಯನ್ನು ಜೊತೆ ಆಡಿದನು.’ ಎರಡು ತಪ್ಪಿವೆ. ಆದರೆ ಎಂಥ ತಪ್ಪು ನೋಡಿ. ಬಾಲ ಬೇಕು ಎಂದು ಅವನಿಗೆ ಗೊತ್ತಾಗಿದೆ, ಯಾವುದು ಎಂದು ಹುಡುಕುತ್ತಿದ್ದಾನೆ. ‘ಊರಿಂದ’, ‘ನನಗೆ’ ಸರಿಯಾಗಿವೆ. ಪರೀಕ್ಷೆಯ ಅಂಕದಲ್ಲಿ ಇದು ಕಾಣುವುದಿಲ್ಲ. ನೋಟ್‌ಬುಕ್ಕು ಮೊದಲಿನಷ್ಟು ಚಂದವಾಗಿಯೂ ಇಲ್ಲ. ಹೊಡೆದು ಹಾಕಿದ್ದು, ತಿದ್ದಿದ್ದು ತುಂಬಿದೆ. ತಪಾಸಣೆಗೆ ಬಂದವರು ಅದನ್ನು ನೋಡಿ ಹುಬ್ಬು ಗಂಟಿಕ್ಕಿದಾಗ ಹೆಡ್‌ಮಾಸ್ಟರು ಅದು ಮಕ್ಕಳ ಸ್ವಂತ ಬರವಣಿಗೆ ಎಂದು ನಿಂತು ವಿವರಿಸಿದರು.

ಬದಲಾಗದ ಸಂಗತಿಗಳೂ ಇವೆ. ಏಳನೇ ತರಗತಿಯ ದೊಡ್ಡ ಮಕ್ಕಳಲ್ಲಿ ಇಷ್ಟು ಬೆಳವಣಿಗೆ ಕಾಣಲಿಲ್ಲ. ತಡವಾಗಿ ಭಾಷೆ ಸಿಕ್ಕವರಿಗೆ ಒಂದು ವರ್ಷ ಏನೇನೂ ಸಾಲದು. ಕೆಲವು ಶಿಕ್ಷಕರು ದಣಿದಾಗ ಮತ್ತೆ ಬಾಯಿ, ಕೈ ಒಟ್ಟಿಗೆ ಓಡಿಸುತ್ತಾರೆ. ಒಳ್ಳೆಯ ಕೈ ಬಂದಿದ್ದ ಒಬ್ಬ ಟೀಚರ್ ಬೇರೆ ಕೆಲಸ ಸಿಕ್ಕಿ ಹೊರಟುಹೋದರು.

ದೊಡ್ಡ ತೊಡಕು ಆ ಕಿವುಡ ತರಬೇತುದಾರರ ಕೆಲಸದ್ದು. ವರ್ಷವೆಲ್ಲ ಶಾಲೆಯನ್ನು ಎತ್ತಿ ನಿಲ್ಲಿಸಿದವರು ಗೌರವಧನದ ಮೇಲೆ ಇದ್ದಾರೆ. ಅದೂ ಊರಿನ ದಾನಿಗಳಿಂದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಮು ಸನ್ನೆ ಭಾಷೆಯಲ್ಲಿ ಅರ್ಹತೆ ಇರುವ ಶಿಕ್ಷಕರನ್ನು, ಅಂಗವೈಕಲ್ಯ ಇರುವ ಶಿಕ್ಷಕರೂ ಸೇರಿದಂತೆ, ತರಬೇತಿ ಕೊಟ್ಟು ನೇಮಿಸಿಕೊಳ್ಳಬೇಕು ಎನ್ನುತ್ತದೆ. 2020ರ ಅಕ್ಟೋಬರಿನಲ್ಲಿ ದೆಹಲಿ ಕೇಂದ್ರ ಮತ್ತು ರಾಷ್ಟ್ರಮಟ್ಟದ ಪಠ್ಯಪುಸ್ತಕ ಸಿದ್ಧಪಡಿಸುವ ಎನ್‌ಸಿಇಆರ್‌ಟಿ ಪಠ್ಯಪುಸ್ತಕಗಳನ್ನು ಸನ್ನೆ ಭಾಷೆಗೆ ತರಲು ಒಪ್ಪಂದ ಮಾಡಿಕೊಂಡವು. 2024ರ ಡಿಸೆಂಬರಿನಿಂದ ಕೇಂದ್ರ ಸರ್ಕಾರದ ಶಿಕ್ಷಣ ಟಿವಿ ಯೋಜನೆಯಾದ ಪಿಎಂ ಇ-ವಿದ್ಯಾದ 31ನೇ ಚಾನೆಲ್ ಸನ್ನೆ ಭಾಷೆಗೇ ಮೀಸಲಾಗಿದೆ. ಇವೆಲ್ಲ ಒಳ್ಳೆಯವೇ. ಆದರೆ ಟಿವಿಯೊಳಗಿನ ಕೈಗೆ ಮಗು ತಿರುಗಿ ಪ್ರಶ್ನೆ ಕೇಳಲಾರದು. ಕೋಣೆಯಲ್ಲಿ ಒಬ್ಬ ಕಿವುಡ ಶಿಕ್ಷಕ ಬೇಕೇ ಬೇಕು. ತಾನೂ ದೊಡ್ಡವನಾಗಿ ಹೀಗೆ ಆಗಬಹುದು ಎಂದು ಮಗುವಿಗೆ ಕಾಣುವುದಕ್ಕೂ ಅವರೇ ಬೇಕು.

ಸದ್ಯಕ್ಕೆ ಶಾಲೆ ಮಾಡಿಕೊಂಡ ಏರ್ಪಾಡು ಇದು. ಜೂನಿನಿಂದ ಒಂದನೇ ತರಗತಿಗೆ ಇಬ್ಬರು ಇರುತ್ತಾರೆ, ಒಬ್ಬರು ಕಿವುಡರು, ಒಬ್ಬರು ಕೇಳಿಸುವವರು. ಮೊದಲ ಆರು ತಿಂಗಳು ಅಕ್ಷರಕ್ಕೆ ಅವಸರವಿಲ್ಲ, ಕಥೆ, ಆಟ, ಊರಿನ ಸುದ್ದಿ ಎಲ್ಲ ಸನ್ನೆ ಭಾಷೆಯಲ್ಲಿ. ಶಿಕ್ಷಕರು ತಿಂಗಳಿಗೊಮ್ಮೆ ದನಿ ಬಂದ್ ಮಾಡಿ ತಮ್ಮ ಪಾಠ ನೋಡಿಕೊಳ್ಳುವುದು ಮುಂದುವರಿಯುತ್ತದೆ. ತರಬೇತುದಾರರ ಹುದ್ದೆಗಾಗಿ ಇಲಾಖೆಗೆ ಅರ್ಜಿ ಹೋಗಿದೆ. ಒಂದನೇ ತರಗತಿಯ ಕೇಳಿಸುವ ಶಿಕ್ಷಕರ ಜಾಗವನ್ನು ಕೇಳಿ ತೆಗೆದುಕೊಂಡಿರುವವರು ಆ ಮೀಸೆ ಮೇಷ್ಟ್ರು. ನಿವೃತ್ತಿಗೆ ಇನ್ನೂ ಕೆಲವು ವರ್ಷ ಇದೆ, ಅಷ್ಟರಲ್ಲಿ ಒಂದು ತಂಡವನ್ನಾದರೂ ಮೊದಲಿನಿಂದ ಹೀಗೆ ಕಲಿಸಿ ನೋಡಬೇಕು ಎಂದಿದ್ದಾರೆ.